ಮುಳ್ಳು ನಿಲ್ಲದ ಕೋಣೆ

ಮಗಳ ಸ್ಕೂಲಿನ ಕ್ಯಾಂಪಿಗೆ ಬ್ಯಾಗ್ ತುಂಬುತ್ತಿದ್ದೆ. ಸಾಮಾನಿನ ನಡುವೆ ಒಂದು ದಿಕ್ಸೂಚಿ ಕೈಗೆ ಸಿಕ್ಕಿತು ನೋಡಿ, ಎದೆ ಧಸಕ್ಕೆಂದಿತು. ನಗಬೇಡಿ. ಹುಲಿಗೆ ಹೆದರುವವರಿದ್ದಾರೆ, ಹಲ್ಲಿಗೆ ಹೆದರುವವರಿದ್ದಾರೆ. ನಾನು ದಿಕ್ಸೂಚಿಗೆ ಹೆದರಿದವಳು.

ಅಮೆರಿಕದ ನೇಪರ್‌ವಿಲ್‌ನ ಈ ಮನೆಗೆ ಬಂದ ಮೊದಲ ಚಳಿಗಾಲದಲ್ಲೇ ನನ್ನ ಮೂರು ತಿಂಗಳ ಬಸಿರು ನಿಲ್ಲದೆ ಹೋಗಿತ್ತು. ಮರುವರ್ಷ ಈ ಮಗಳು ಹೊಟ್ಟೆಯಲ್ಲಿದ್ದಾಗ ಮೈಸೂರಿನಿಂದ ಬಂದ ಅತ್ತೆ, ವಾಸ್ತು ನೋಡಲು ಪುಟ್ಟ ದಿಕ್ಸೂಚಿಯನ್ನೂ ತಂದಿದ್ದರು. ಉತ್ತರಕ್ಕೆ ತಲೆ ಹಾಕಿ ಮಲಗಬಾರದಲ್ಲ! ಮಲಗುವ ಕೋಣೆಯ ನೆಲದ ಮೇಲಿಟ್ಟರೆ, ಮಂಚದ ಈ ಬದಿಗೆ ಒಂದು ಉತ್ತರ, ಆ ಬದಿಗೆ ಇನ್ನೊಂದು.

“ಅಯ್ಯೋ, ಇಲ್ಲೇನೋ ಎಳೀತಿದೆ ಕಣೇ,” ಅಂದರು ಅತ್ತೆ.

ಅಷ್ಟು ಸಾಕಾಯಿತು. ಕಂಪ್ಯೂಟರ್ ಮುಂದೆ ಕೂತೆ. ಬಸುರಿ ಇಲಿಗಳನ್ನು ಅಯಸ್ಕಾಂತ ಕ್ಷೇತ್ರದಲ್ಲಿಟ್ಟು ನೋಡಿದವರ ಮಾತುಗಳು ಸಿಕ್ಕವು. ಮರಿಗಳಿಗೆ ತೊಂದರೆಯಾಯಿತು ಎಂದು ಕೆಲವರು, ಏನೂ ಆಗಲಿಲ್ಲ ಎಂದು ಕೆಲವರು. ನನಗೆ ಮೊದಲಿನವರೇ ಸತ್ಯಸಂಧರಾಗಿ ಕಂಡರು. ಹಿಂದಿನ ಸಲವೂ ಇದೇ ಮಂಚ, ಇದೇ ಜಾಗ!

ಸಂಜೆ ಬಂದ ಗಂಡ, ಎಲೆಕ್ಟ್ರಿಕಲ್ ಇಂಜಿನಿಯರ್ ಮಹಾಶಯರು, ನಕ್ಕರು. “ಕೆಳಗೆ ಬೇಸ್‌ಮೆಂಟಲ್ಲಿ ಕಬ್ಬಿಣದ ತೊಲೆ ಇದೆ, ಮುಳ್ಳು ಅದಕ್ಕೆ ತಿರುಗತ್ತೆ ಅಷ್ಟೆ. ಕರೆಂಟಿಂದ ಬರೋ ಸೆಳೆತ ಬೇರೆ. ಅದು ಎಷ್ಟು ಬೇಗ ದಿಕ್ಕು ಬದಲಿಸತ್ತೆ ಅಂದ್ರೆ, ಈ ಮುಳ್ಳಿಗೆ ಗೊತ್ತೇ ಆಗಲ್ಲ.”

ಸಮಾಧಾನ ಹೇಳುವ ರೀತಿಯೇ ಇದು? ಭಯ ಎಲ್ಲಿದೆಯೆಂದು ತೋರಿಸಲು ಒಂದು ಮುಳ್ಳಾದರೂ ಇತ್ತು, ಅದೂ ಕೆಲಸಕ್ಕೆ ಬಾರದೆ ಹೋಯಿತು. ಇನ್ನು ಗೋಡೆಗೋಡೆಯ ಮೇಲೂ ಅನುಮಾನ. ಎಲೆಕ್ಟ್ರಿಕ್ ಹೊದಿಕೆಯನ್ನು ಕಿತ್ತೆಸೆದೆ. ಮೈಕ್ರೋವೇವ್ ಹಾಕಿದರೆ ಅಡುಗೆಮನೆಯಿಂದ ಓಡಿದೆ. ಡಾಕ್ಟರು ಹೆದರಬೇಡಿ ಎಂದದ್ದು ಕಿವಿಗೇ ಹೋಗಲಿಲ್ಲ. ಇದೂ ಹೋದರೆ ನಾನು ಬದುಕಲಾರೆ ಅನ್ನಿಸುತ್ತಿತ್ತು. ಒಂದು ಮಧ್ಯಾಹ್ನ ಸೋಫಾದಲ್ಲಿ ಮುದುರಿ ಕೂತಿದ್ದ ನನ್ನ ಪಕ್ಕ ಅತ್ತೆ ಬಂದು ಕೂತರು.

“ನಂಗೂ ಎರಡು ಹೋದ್ವು ಕಣೇ. ಆಗ ನಮ್ಮನೇಲಿ ಕರೆಂಟೇ ಇರ್ಲಿಲ್ಲ. ಯಾವುದನ್ನ ಬೈಲಿ ಹೇಳು?”

ಆಮೇಲೆ ಹೆದರಿಕೆ ಹೋಯಿತೆಂದು ಸುಳ್ಳು ಹೇಳಲಾರೆ. ಮಗಳು ಹುಟ್ಟಿ ಕಿಟಾರನೆ ಕಿರುಚುವವರೆಗೂ ಅದು ನನ್ನ ಜೊತೆಗೇ ಇತ್ತು.

“ಮಾಮ್, ವಾಟ್ ಹ್ಯಾಪನ್ಡ್?” ಬಾಗಿಲಲ್ಲಿ ಅದೇ ಮಗಳು, ದಿಕ್ಸೂಚಿ ಹಿಡಿದು ನಿಂತ ನನ್ನನ್ನೇ ನೋಡುತ್ತ.

ಏನಿಲ್ಲ ಅನ್ನಲು ಹೋದವಳು ಹೇಳಿಬಿಟ್ಟೆ. “ನಿನಗಿಂತ ಮುಂಚೆ ಒಂದು ಮಗು ಇತ್ತು ಪುಟ್ಟಿ. ನನ್ನ ಹೊಟ್ಟೇಲೇ ಹೋಗ್ಬಿಡ್ತು.”

ಅವಳು ಬಂದು ನನ್ನ ಕೈಯಿಂದ ದಿಕ್ಸೂಚಿ ತೆಗೆದುಕೊಂಡಳು. “ವಾಟ್ ವಾಸ್ ಇಟ್ಸ್ ನೇಮ್?”

ನಾನು ಹಾಗೇ ನೆಲದ ಮೇಲೆ ಕೂತೆ. ಕಾರಣಕ್ಕಾಗಿ ಮನೆಯನ್ನೆಲ್ಲ ಜಾಲಾಡಿದ್ದೆವು. ಹೆಸರೊಂದನ್ನು ಯಾರೂ ಯೋಚಿಸಿರಲಿಲ್ಲ.