ಶೈಲಜಾ ಅಕ್ಕೋರು ವಾಪಸು ತಂದ ಕೋಲು

ಶೈಲಜಾ ಅಕ್ಕೋರು ಸಂಜೆ ಮನೆ ಸೇರಿದರೆ ಮೊದಲು ಸ್ಕೂಟಿಯ ಧೂಳು ಒರೆಸುತ್ತಾರೆ, ಆಮೇಲೆ ಸಾಹೇಬರನ್ನು ಬೈಯುತ್ತಾರೆ. ಯರಗಟ್ಟಿಯಲ್ಲಿ ನಮ್ಮಿಬ್ಬರದೂ ಗೋಡೆಗೆ ಗೋಡೆ ಹತ್ತಿದ ಮನೆ, ಹೀಗಾಗಿ ಬೈಗುಳವೆಲ್ಲ ನನ್ನ ಕಿವಿಗೇ. ಕಣ್ಣು ಕಾಣದ ಮಕ್ಕಳಿರುವ ಮನೆಗಳಿಗೆ ಹೋಗಿ ಕಲಿಸುವುದು ಅವರ ನೌಕರಿ.

ಸಿಟ್ಟಿಗೆ ಕಾರಣವಿಲ್ಲದಿಲ್ಲ. ಇಲಾಖೆಯ ಸಾಹೇಬರು ಶಿಬಿರ ಮಾಡಿ, ಪುಸ್ತಕ ಓದಿ ಹೇಳುವ ಯಂತ್ರವನ್ನು ಮಗುವಿನ ಕೈಗಿಟ್ಟು, ಫೋಟೊ ಹೊಡೆಸಿಕೊಂಡು ಹೋಗುತ್ತಾರೆ. ಮರುದಿನ ಆ ಯಂತ್ರ ಕುಂಕುಮ ಹಚ್ಚಿಸಿಕೊಂಡು ದೇವರ ಜಗಲಿ ಸೇರಿರುತ್ತದೆ. ಅದನ್ನು ಇಳಿಸಿ ಮಗುವಿನ ಕೈಗೆ ರೂಢಿ ಮಾಡಿಸುವುದು ಅಕ್ಕೋರ ಪಾಲಿಗೆ.

ಶೀತಲ್ ಅವರ ಮುದ್ದಿನ ಹುಡುಗಿ, ಒಂಬತ್ತನೆಯ ತರಗತಿ. ನೋಡುವವರಿಗೆ ಕಣ್ಣು ನೆಟ್ಟಗಿವೆ, ಅವಳಿಗೆ ಮಾತ್ರ ಏನೂ ಕಾಣುವುದಿಲ್ಲ. ತಂದೆತಾಯಿ ಕುರಿಯ ಹಿಂದೆ ಊರೂರು ಅಲೆಯುವವರು, ಮನೆಯ ಯಜಮಾನಿಕೆ ಅಜ್ಜಿ ಶಟ್ಟೆವ್ವನದು. ಮನೆಯೊಳಗೆ ಹೆಜ್ಜೆ ಎಣಿಸಿ ಓಡಾಡುವುದನ್ನು ಅಕ್ಕೋರು ಅವಳಿಗೆ ಕಲಿಸಿದ್ದರು, ಹೊರಗಿನ ಓಡಾಟಕ್ಕೆ ಒಂದು ಕೋಲು ಕೊಡಿಸಿದ್ದರು. ಎದುರಿಗೆ ಏನಾದರೂ ಅಡ್ಡ ಬಂದರೆ ಅದರ ಹಿಡಿಕೆ ನಡುಗುತ್ತದೆ. ಕಬ್ಬಿನ ಟ್ರ್ಯಾಕ್ಟರು ಓಡಾಡುವ ರಸ್ತೆಯ ಅಂಚಿನಲ್ಲಿ ಆ ಕೋಲು ಹಿಡಿದು ಒಬ್ಬಳೇ ಶಾಲೆಗೆ ಹೋಗುವುದನ್ನು ಶೀತಲ್ ಕಲಿತಳು. ಅಂದು ಅಕ್ಕೋರು ನಮ್ಮ ಮನೆಗೂ ಪೇಢೆ ಹಂಚಿದ್ದರು.

ಅಷ್ಟರಲ್ಲಿ ಶೀತಲ್‌ಳ ಅಕ್ಕ ಬೀರವ್ವನನ್ನು ನೋಡಲು ವರನ ಕಡೆಯವರು ಬಂದರು. ಬಾಗಿಲಲ್ಲಿದ್ದ ಕೋಲು ಕಂಡು, ಯಾರದೆಂದು ಕೇಳಿ, "ಈ ಕುರುಡು ಮನಿತನಕ್ಕ ಬಂದದ್ದೇನು?" ಎಂದವರು ಚಹಾ ಕುಡಿಯದೆ ಎದ್ದು ಹೋದರು.

ಮುಂದಿನ ಸಲ ರಾಮದುರ್ಗದ ಕಡೆಯವರು ಬರುವಾಗ ಶಟ್ಟೆವ್ವ ಕೋಲನ್ನು ಹೊಟ್ಟಿನ ಕೋಣೆಗೆ ಸೇರಿಸಿದ್ದಳು. ಶೀತಲ್ ಒಳಗಿನಿಂದ ಅವಲಕ್ಕಿ ತಂದಳು, ಚಹಾ ತಂದಳು. ಕಪ್ಪು-ಬಸಿ ಅಲುಗಲಿಲ್ಲ, ಕಾಲು ಎಡವಲಿಲ್ಲ. ತಲೆ ತಗ್ಗಿಸಿದ್ದನ್ನು ಬಂದವರು ನಾಚಿಕೆಯೆಂದುಕೊಂಡರು. ಲಗ್ನ ಗೊತ್ತಾಯಿತು. ಊರವರೂ ಬಾಯಿಗೆ ಬೀಗ ಹಾಕಿಕೊಂಡರು, ಲಗ್ನ ಮುರಿದ ಪಾಪ ಯಾರಿಗೆ ಬೇಕು?

ಅಕ್ಕೋರು ಹೋದಾಗ ಶಟ್ಟೆವ್ವ ಅವರ ಬಾಯಿಗೆ ಸಕ್ಕರೆ ಹಾಕಿದಳು. "ನೀವು ಕಲಿಸಿದ ವಿದ್ಯಾ ನಮ್ಮ ಮಾನ ಉಳಿಸ್ತ್ರಿ ಅಕ್ಕೋರ" ಎಂದು, ಅರಿವೆಯಲ್ಲಿ ಸುತ್ತಿದ ಕೋಲನ್ನು ಮುಂದಿಟ್ಟಳು. "ಇದನ್ನ ಒಯ್ದುಬಿಡ್ರಿ. ಬೀಗರು ಯರಗಟ್ಟಿ ಸಂತಿಗೆ ಬರತಾರ, ದಾರ್ಯಾಗ ನೋಡಿದರ ಹೆಂಗ?"

"ಮತ್ತ ಸಾಲಿ?"

"ಕೋಲಿಲ್ಲದ ಹೆಂಗ ಹೊಕ್ಕಾಳ್ರಿ? ಬಿಡಿಸೇವಿ."

"ಲಗ್ನ ಆದಮ್ಯಾಲರ ಕಳಸ್ತೀಯೇನು?"

"ಆಮ್ಯಾಲೂ ಬೀಗರು ಬೀಗರ ಅಲ್ಲೇನ್ರಿ?"

ಸಾವಿರ ಸುಳ್ಳು ಹೇಳಿ ಒಂದು ಲಗ್ನ ಮಾಡು ಅನ್ನುತ್ತಾರೆ. ಹೇಳಿದವರು ಉಂಡು ಮಲಗುತ್ತಾರೆ. ಆ ಸುಳ್ಳಿನೊಳಗೆ ಬದುಕಬೇಕಾದವಳು ಬೇರೆ. ನನಗಂತೂ ಆ ಮುದುಕಿಯ ಮೇಲೆ ಇವತ್ತಿಗೂ ಸಿಟ್ಟಿದೆ.

ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದ ಶೀತಲ್‌ಳ ಬಳಿ ಅಕ್ಕೋರು ಕುಳಿತರು. "ನಿನಗ ಸಾಲಿ ಬ್ಯಾಡೇನವಾ?"

"ಬೇಕ್ರಿ. ಆದರ ನಮ್ಮಕ್ಕಗ ಬಂದ ಸಂಬಂಧ ಒಮ್ಮೆ ನನ್ನ ಸಲವಾಗಿ ತಪ್ಪಿತ್ತಲ್ರಿ." ಹುಡುಗಿ ಮೊರ ಕೆಳಗಿಟ್ಟಳು. "ಈ ಸಲ ಒಬ್ಬರಿಗೂ ಗೊತ್ತಾಗಲಿಲ್ರಿ ಅಕ್ಕೋರ. ಎಷ್ಟು ಚಂದ ಕಲಿಸೀರಿ ನೀವು!"

ಅದರಲ್ಲಿ ಕೊಂಕು ಇರಲಿಲ್ಲ, ನಿಜವಾದ ಮೆಚ್ಚುಗೆಯಿತ್ತು. ಅಕ್ಕೋರು ಅಂದು ಆ ಕೋಲಿನೊಂದಿಗೆ ಮನೆಗೆ ಬಂದು ಯಾರನ್ನೂ ಬೈಯಲಿಲ್ಲ. ಅತ್ತರು.

ಲಗ್ನಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಶೀತಲ್ ಕಳಗಿತ್ತಿಯಾಗಿ ಅಕ್ಕನ ತೋಳು ಹಿಡಿದು ನಿಂತಿದ್ದಳು. ಕಳಗಿತ್ತಿ ಮದುಮಗಳನ್ನು ಬಿಟ್ಟು ಸರಿಯುವುದಿಲ್ಲ, ಯಾರಿಗೂ ಸಂಶಯ ಬರಲಿಲ್ಲ. ಊಟಕ್ಕೆ ವರನ ತಂದೆ ಲಗಮಪ್ಪ ನಮ್ಮ ಪಕ್ಕವೇ ಕುಳಿತ. ಒಳ್ಳೆಯ ಮನುಷ್ಯ, ಅಕ್ಕೋರೆಂದು ತಿಳಿದೊಡನೆ ಕೈಮುಗಿದ.

"ಅಲ್ರೀ ಅಕ್ಕೋರ, ಆ ಸಣ್ಣ ಹುಡುಗಿ ಎಷ್ಟ ಶಾಣ್ಯಾಕಿ ಕಾಣತಾಳ. ಸಾಲಿ ಯಾಕ ಬಿಡಿಸ್ಯಾರಂತ? ನೀವರ ಒಂದು ಮಾತು ಹೇಳಬಾರದ?"

ಶೈಲಜಾ ಅಕ್ಕೋರು ಹಂದರದ ಕಡೆ ನೋಡಿದರು. ಬೀರವ್ವನ ಕೊರಳಲ್ಲಿ ತಾಳಿ ಬಿದ್ದಾಗಿತ್ತು.

"ಹೇಳಿ ನೋಡಿದೆ ಯಜಮಾನ್ರ," ಎಂದರು. "ಆಕೀಗೇ ಸಾಲಿ ಮ್ಯಾಲ ಮನಸಿಲ್ಲ."