ಖರ್ಜೂರದ ಬೀಜದಲ್ಲಿ ಕೆಂಡ ಕಂಡವಳು

ಅರಬ್ ನಾಡಿನ ಬುರೈದಾ ಪಟ್ಟಣದ ಹೊರವಲಯ. ಬೆಳಗಿನ ನಮಾಝ್ ಮುಗಿದಿದೆ, ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಖರ್ಜೂರದ ತೋಟದ ಹಿಂದಿನ ತಗಡಿನ ಚಪ್ಪರದಲ್ಲಿ ರಿಹಾಬ್ ಒಂದು ಡ್ರಮ್ಮಿನ ಸುತ್ತ ಸುತ್ತುತ್ತಿದ್ದಾಳೆ. ಹೊಗೆಯ ಬಣ್ಣ ನೋಡುತ್ತಾಳೆ, ಗಾಳಿಕಿಂಡಿಗೆ ಮಣ್ಣು ಮೆತ್ತುತ್ತಾಳೆ, ಮತ್ತೆ ಹೊಗೆ ನೋಡುತ್ತಾಳೆ. ಕೂರುವುದಂತೂ ಇಲ್ಲ. ಒಳಗೆ ಇದ್ದಿಲಾಗುತ್ತಿರುವುದು ಖರ್ಜೂರದ ಬೀಜ.

“ಬಿಳಿ ಹೊಗೆ ತೆಳು ನೀಲಿಗೆ ತಿರುಗಬೇಕು. ಅಲ್ಲಿವರೆಗೆ ನನಗೆ ಉಸಿರೇ ಇಲ್ಲ,” ಎನ್ನುತ್ತಾಳೆ.

ಇಪ್ಪತ್ತಾರರ ಈ ಸುಡಾನ್ ಯುವತಿ ಯುದ್ಧ ಶುರುವಾದಾಗ ತನ್ನೂರು ಒಮ್ದುರ್ಮಾನ್ ಬಿಟ್ಟು, ಇಲ್ಲಿ ಲಾರಿ ಓಡಿಸುವ ತಂದೆಯ ಬಳಿ ಬಂದವಳು. ತಾಯಿ ಅಲ್ಲೇ ಉಳಿದಿದ್ದಾಳೆ. ಸುಮ್ಮನೆ ಕೂತರೆ ಮನಸ್ಸು ಅಲ್ಲಿಗೇ ಓಡುತ್ತದೆಂದು ಖರ್ಜೂರಕ್ಕೆ ಬಾದಾಮಿ ತುಂಬುವ ಕೆಲಸಕ್ಕೆ ಸೇರಿದಳು. ಅಲ್ಲಿ ದಿನವೂ ಗೋಣಿಗಟ್ಟಲೆ ಬೀಜ ಕಸಕ್ಕೆ ಹೋಗುತ್ತಿತ್ತು. ತನ್ನೂರಿನಲ್ಲಿ ಇದ್ದಿಲಿಗಾಗಿ ಜಾಲಿಮರಗಳು ಉರುಳುವುದನ್ನು ನೋಡುತ್ತಲೇ ಬೆಳೆದವಳಿಗೆ ಹೊಳೆಯಿತು: ಮನೆಮನೆಯಲ್ಲಿ ಧೂಪ ಹಾಕುವ ಕೆಂಡಕ್ಕೆ ಮರವೇ ಏಕೆ? ತೋಟದ ಒಡತಿ ಉಮ್ ಸಾಲಿಹ್ ತನ್ನ ಹೆಸರಿನಲ್ಲಿ ಪರವಾನಗಿ ಮಾಡಿಸಿ, ಜಾಗವನ್ನೂ ಕೊಟ್ಟಳು.

ಆದರೆ ಇದ್ದಿಲಿನ ಪುಡಿ ಬಿಲ್ಲೆಯಾಗಿ ನಿಲ್ಲದೆ ಉದುರುತ್ತಿತ್ತು. ಅದಕ್ಕೆ ದಾರಿ ತೋರಿಸಿದ್ದು ನೆರೆಮನೆಯ, ಬಂಟ್ವಾಳದ ಶಮೀಮಾ. “ನಾನು ಎಂತ ದೊಡ್ಡದು ಮಾಡ್ಲಿಲ್ಲ ಮಾರಾಯ್ರೆ. ಕುಚ್ಚಲಕ್ಕಿಯ ಗಂಜಿತಿಳಿ ಹಾಕಿ ನೋಡು ಅಂದೆ. ಅಂಟಿತು!” ಶಮೀಮಾಳ ಗಂಡ ಝಕರಿಯಾನ ದಿನಸಿ ಅಂಗಡಿಯಲ್ಲೇ ಮೊದಲ ಪೊಟ್ಟಣಗಳು ಮಾರಾಟವಾದವು.

ಕಳೆದ ರಂಝಾನ್ ಹತ್ತಿರವಾದಂತೆ ಬೇಡಿಕೆ ಏರಿತು. ಆತುರಕ್ಕೆ ಬಿದ್ದ ರಿಹಾಬ್ ಬಿಲ್ಲೆಗಳನ್ನು ಸುಡುಬಿಸಿಲಿಗೆ ಹರವಿದಳು. ಮೇಲ್ಮೈ ಕಲ್ಲಿನಂತಾಯಿತು, ಒಳಗೆ ಹಸಿ ಉಳಿಯಿತು. ಒಂದು ಮನೆಯಲ್ಲಿ ಬಿಲ್ಲೆ ಸಿಡಿದು, ಕಿಡಿ ಹಾರಿ, ಪುಟ್ಟ ಹುಡುಗಿಯ ಮುಂಗೈ ಸುಟ್ಟಿತು.

ಸುದ್ದಿ ಅಂಗಡಿಗೆ ಬಂತು. “ಉಳಿದ ಪೊಟ್ಟಣಗಳನ್ನು ಕಪಾಟಿನಿಂದ ಇಳಿಸ್ತೇನೆ. ನೀನು ಸುಮ್ಮನಿರು, ಜನ ಮರೀತಾರೆ,” ಎಂದ ಝಕರಿಯಾ. ಸುಮ್ಮನಿರುವುದು ರಿಹಾಬಳ ಜಾಯಮಾನವೇ ಅಲ್ಲ. ಶಮೀಮಾಳನ್ನು ಕರೆದುಕೊಂಡು ಆ ಮನೆಗೇ ಹೋದಳು. ತಪ್ಪು ತನ್ನದು ಎಂದಳು. ಹುಡುಗಿಯ ತಾಯಿ ಮಗಳ ಕೈಯ ಪಟ್ಟಿಯನ್ನು ತೋರಿಸಿ, ಬಾಗಿಲು ಹಾಕಿದಳು.

“ಇನ್ನು ಇವಳು ಅಳ್ತಾಳೆ ಅಂದ್ಕೊಂಡೆ,” ಶಮೀಮಾ ನೆನೆಯುತ್ತಾಳೆ. “ಎಲ್ಲಿ! ‘ಯಲ್ಲಾ, ನಡಿ, ಮುಂದಿನ ಮನೆ’ ಅಂದ್ಲು.”

ಬಾಗಿಲಿಂದ ಬಾಗಿಲಿಗೆ ಹೋಗಿ ಮಾರಿದ್ದನ್ನೆಲ್ಲ ವಾಪಸ್ ತಂದಳು. ಕೆಲವರು ನಕ್ಕರು, ಕೆಲವರು ಬೈದರು. ಹಬ್ಬದ ವ್ಯಾಪಾರ ಪೂರ್ತಿ ಕೈತಪ್ಪಿತು. ಆ ಹುಡುಗಿಯ ಮನೆಯ ಬಾಗಿಲು ಇವತ್ತಿಗೂ ಅವಳಿಗೆ ತೆರೆದಿಲ್ಲ.

ಈಗ ಬಿಲ್ಲೆಗಳು ನೆರಳಿನಲ್ಲಿ, ನಿಧಾನವಾಗಿ ಒಣಗುತ್ತವೆ. ಪ್ರತಿ ತಟ್ಟೆಯಿಂದ ಒಂದನ್ನು ಮುರಿದು ನೋಡುತ್ತಾಳೆ. ಕಾಯುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಬೆರಳುಗಳು ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಲೇ ಇರುತ್ತವೆ. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಮರಳುತ್ತಿದ್ದಾರೆ. ಮೊನ್ನೆ ಮದೀನಾದ ಹೋಟೆಲೊಂದರಿಂದ ದೊಡ್ಡ ಬೇಡಿಕೆ ಬಂದಿದೆ, ಅದೂ ತುರ್ತಾಗಿ.

ಹೋಟೆಲಿನವರಿಗೆ ಏನು ಹೇಳಿದಿರಿ ಎಂದು ಕೇಳಿದರೆ, ತಟ್ಟೆಯಿಂದ ತಲೆಯೆತ್ತದೆ ಉತ್ತರಿಸುತ್ತಾಳೆ:

“ಕಾಯಲಿ. ಹಸಿ ಇರುವುದನ್ನು ನಾನು ಇನ್ನು ಯಾರ ಮನೆಗೂ ಕಳಿಸುವುದಿಲ್ಲ.”