ಡಬ್ಬಿ ಅಕ್ಕ ಉಳಿಸಿಕೊಟ್ಟ ನಲವತ್ತೊಂದು ಹೇಳಿಕೆಗಳು

ಗ್ರಂಥಾಲಯವೆಂದರೆ ಪುಸ್ತಕ ಕಾಯುವ ಕಟ್ಟಡವೆಂದು ನಂಬಿದವರ ನಡುವೆ, ಅದು ಓದುಗರ ಹಕ್ಕನ್ನು ಕಾಯುವ ಜಾಗವೆಂಬುದನ್ನು ಮೂವತ್ತೊಂದು ವರ್ಷ ಬಾಯಲ್ಲಿ ಹೇಳದೆ ಕೈಯಲ್ಲಿ ಮಾಡಿ ತೋರಿಸಿದವರು ನಮ್ಮ ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರ್ ವಿಭಾಗದ ಸಹಾಯಕಿ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಡಬ್ಬಿ ಅಕ್ಕ. ಬಿಚ್ಚಿದ ಯಂತ್ರಗಳ ಸ್ಕ್ರೂ ಹಾಕಿಡಲು ಅವರ ಮೇಜಿನ ಮೇಲೆ ಸಾಲಾಗಿ ಕೂತಿರುವ ಮಾತ್ರೆ ಡಬ್ಬಿಗಳಿಂದ ಬಂದ ಹೆಸರದು.

ಬೆರಳಚ್ಚುಗಾರ್ತಿಯಾಗಿ ಸೇರಿದವರು, ಕಂಪ್ಯೂಟರು ಬಂದಾಗ ಅದರ ಕೈಪಿಡಿಯನ್ನು ನಿಘಂಟಿನ ಪಕ್ಕದಲ್ಲಿಟ್ಟುಕೊಂಡು ತಾವೇ ಓದಿ ಕಲಿತರು. ಭಾನುವಾರಗಳಂದು ನಮ್ಮ ಓದುಬಳಗಕ್ಕೆ ಹಿಂದಿನ ಕೋಣೆಯ ಬಾಗಿಲು ತೆಗೆದುಕೊಟ್ಟವರೂ ಅವರೇ. ನಾವು ಗಲಾಟೆ ಮಾಡುತ್ತೇವೆಂದು ಮುಖ್ಯಸ್ಥರು ಹೊರಹಾಕಲು ಹೊರಟಾಗ, "ಓದ್ದೋರು ಗಲಾಟೆ ಮಾಡ್ದೆ ಇನ್ನೇನು ಗೊರಕೆ ಹೊಡೀತಾರಾ ಸರ್?" ಎಂದು ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಕಂಪ್ಯೂಟರು ನಡೆಸುವ ತಂತ್ರಾಂಶವನ್ನು ಮಾರಿದ್ದ ಕಂಪನಿ ಒಂದು ದಿನ ಹಳೆಯ ಯಂತ್ರಗಳಿಂದ ಕೈತೊಳೆದುಕೊಂಡಿತು. ಕೆಡದಿದ್ದ ಹನ್ನೊಂದು ಯಂತ್ರಗಳ ಮೇಲೆ "ನಿರುಪಯುಕ್ತ" ಎಂಬ ಚೀಟಿ ಬಿತ್ತು. ಮನುಷ್ಯರಿಗೂ ಇದೇ ಚೀಟಿ ಅಂಟಿಸುವ ವ್ಯವಸ್ಥೆ ನಮ್ಮದು. ನೂಲಿನ ಗಿರಣಿಯಲ್ಲಿ ಹತ್ತಿಯ ಧೂಳು ಕುಡಿದು ಎದೆ ಕೆಟ್ಟವರನ್ನು ಮನೆಗೆ ಕಳಿಸಿದ್ದೂ ಹೀಗೆಯೇ. ಅಂಥ ನಲವತ್ತೊಂದು ಮಂದಿ ಕಾರ್ಮಿಕರ ಹೇಳಿಕೆಗಳನ್ನು ನಮ್ಮ ಬಳಗ ಎರಡು ವರ್ಷ ಮನೆಮನೆ ಅಲೆದು ಬರೆದುಕೊಂಡು, ಆ ಹನ್ನೊಂದರಲ್ಲಿ ಒಂದಾದ ಹಿಂದಿನ ಕೋಣೆಯ ಯಂತ್ರದಲ್ಲಿ ಟೈಪು ಮಾಡಿಟ್ಟಿತ್ತು. ಟೈಪಾದ ಮೇಲೆ ಕಾಗದವೇಕೆಂದು ಮೂಲವನ್ನು ರದ್ದಿಗೆ ಹಾಕಿದ ಬುದ್ಧಿವಂತ ನಾನೇ. ಅವರ ರೋಗ ಗಿರಣಿಯಿಂದ ಬಂದದ್ದೋ ಅಲ್ಲವೋ ಎಂದು ತೀರ್ಮಾನಿಸುವ ವಿಚಾರಣೆಗೆ ಹದಿನೆಂಟು ದಿನ ಉಳಿದಿರುವಾಗ ಆ ಯಂತ್ರ ಏಳಲೊಲ್ಲದೆ ಮಲಗಿತು.

"ಡಬ್ಬ ಗಟ್ಟಿಯಾಗೇ ಇದೆ. ಒಳಗಿನ ಯಜಮಾನ ಕೈಕೊಟ್ಟಿದಾನೆ, ಅಷ್ಟೇ," ಎಂದರು ಅಕ್ಕ. ಲೋಕದ ಮೂಲೆಮೂಲೆಯ ಜನ ಸೇರಿ ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿಕೊಳ್ಳಿ ಎಂದು ಬಿಟ್ಟುಕೊಟ್ಟಿರುವ ಲಿನಕ್ಸ್ ಎಂಬ ತಂತ್ರಾಂಶ ಅವರ ಪೆನ್‌ಡ್ರೈವಿನಲ್ಲಿತ್ತು. ಇನ್ನೊಬ್ಬರ ಕೀಲಿಮಣೆಯನ್ನು ಮುಟ್ಟದಿರುವುದು ಅವರ ಪದ್ಧತಿ. ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಂತು ಹೇಳಿಕೊಡುವರು, ಒತ್ತಬೇಕಾದವರು ನಾವು. ಪೆನ್‌ಡ್ರೈವಿನ ಬಲದಿಂದ ಯಂತ್ರ ಎದ್ದಿತು, ಕಡತಗಳೂ ಕಂಡವು.

"ಮೊದ್ಲು ನಕಲು, ಆಮೇಲೆ ಹೊಸದು. ನಕಲಿಗೆ ಬೇರೆ ಡಿಸ್ಕ್ ತರ್ತೀನಿ, ಏನೂ ಒತ್ತಬೇಡಿ," ಎಂದು ಪಕ್ಕದ ಕೋಣೆಗೆ ಹೋದರು.

ನಾನು ಒತ್ತಿದೆ. ಹೊಸದನ್ನು ಹಾಕುವ ಮುನ್ನ ಹಳೆಯದನ್ನೆಲ್ಲ ಅಳಿಸಲೇ ಎಂದು ಪರದೆ ಕೇಳಿತು. ಆ ಕಂಪನಿಯ ಗುರುತೂ ಉಳಿಯಬಾರದೆಂಬ ಆವೇಶದಲ್ಲಿ ಹೌದೆಂದೆ. ಮರಳಿ ಬಂದ ಅಕ್ಕ ಪರದೆ ನೋಡಿದವರೇ ಗೋಡೆಯಿಂದ ಪ್ಲಗ್ಗನ್ನೇ ಕಿತ್ತರು.

"ರೀ ಲೇಖಕರೇ, ಏನ್ ಮಾಡಿದ್ರಿ?"

"ಕಂಪನೀನ ಓಡಿಸ್ದೆ ಅಕ್ಕ."

"ಅದರ ಜೊತೆ ನಿಮ್ಮ ನಲವತ್ತೊಂದು ಜನಾನೂ ಓಡಿಸಿದ್ರಲ್ಲ!"

ಅವರು ಬೈದದ್ದು ಅಷ್ಟೇ. ಆಮೇಲೆ ಒಂದು ವಾರ, ಊಟದ ಬಿಡುವನ್ನೂ ಬಿಟ್ಟು, ಆ ಯಂತ್ರದೊಳಗಿನ ಡಿಸ್ಕಿನ ಮೇಲೆ ಒಂದಕ್ಷರವೂ ಹೊಸದಾಗಿ ಬೀಳದಂತೆ ಕಾಪಾಡಿಕೊಂಡು, ಅಳಿಸಿಹೋದ ಕಡತಗಳನ್ನು ಹುಡುಕಿ ಹೊರತೆಗೆದರು. ಮೂವತ್ತೇಳು ಮರಳಿದವು. ಹೊಸ ತಂತ್ರಾಂಶ ಅಷ್ಟರಲ್ಲೇ ಬರೆದುಕೊಂಡ ಜಾಗದಲ್ಲಿದ್ದ ನಾಲ್ಕು ಮರಳಲಿಲ್ಲ.

"ಸಾರ ನೆನಪಿದೆ ಅಕ್ಕ, ನಾನೇ ಬರೆದುಬಿಡ್ತೀನಿ," ಎಂದೆ.

"ಗಿರಣಿಯವರೂ ಕಾರ್ಮಿಕರ ಪರವಾಗಿ ತಾವೇ ಬರ್ಕೊಂಡಿದಾರೆ. ಅವರಿಗೂ ನಿಮಗೂ ಏನ್ರೀ ವ್ಯತ್ಯಾಸ? ನಡೀರಿ, ಹೋಗಿ ಕೇಳೋಣ."

ನನ್ನನ್ನು ಯಾವ ವಿಮರ್ಶಕನೂ ಇಷ್ಟು ಸರಿಯಾಗಿ ಹೊಡೆದಿಲ್ಲ.

ರಜೆ ಹಾಕಿ ನನ್ನೊಂದಿಗೆ ನಾಲ್ಕೂ ಮನೆಗೆ ಬಂದರು. ತಪ್ಪನ್ನು ನನ್ನ ಬಾಯಿಂದಲೇ ಹೇಳಿಸಿದರು. ನಾಲ್ಕನೆಯವರು ನೂಲು ವಿಭಾಗದಲ್ಲಿ ಇಪ್ಪತ್ತು ವರ್ಷ ದುಡಿದ ತಾಯಿ. ಕೆಮ್ಮು ಬರುವವರೆಗೂ ನಕ್ಕರು.

"ಅಯ್ಯೋ ನಿನ್ನ, ಹೋದ್ರೆ ಹೋಗ್ಲಿ ಬಿಡು ಮಗ! ಹೋದ್ಸಲ ನೀನೇ ಭಾಷಣ ಬಿಗಿದೆ, ನಂಗೆಲ್ಲಿ ಮಾತಾಡೋಕೆ ಬಿಟ್ಟೆ? ಈಗ ಬಾಯಿ ಮುಚ್ಕೊಂಡು ಕೂತ್ಕೋ, ಹೇಳ್ತೀನಿ."

ಧೂಳು ಹೊರದೂಡುವ ಫ್ಯಾನುಗಳು ಹನ್ನೊಂದು ತಿಂಗಳು ನಿಂತೇ ಇದ್ದ ಸಂಗತಿಯನ್ನು, ನಿಲ್ಲಿಸಿದ ದಿನ ಸಮೇತ, ಅವರು ಅಂದು ಮೊದಲ ಬಾರಿಗೆ ಹೇಳಿದರು. ವಿಚಾರಣೆಯಲ್ಲಿ ಗಿರಣಿಯವರ ವಾದ ಬಿದ್ದುಹೋದದ್ದು ಆ ಒಂದು ಮಾತಿನಿಂದ. ರೋಗ ಗಿರಣಿಯದೇ ಎಂದು ನಲವತ್ತೊಂದು ಜನರ ವಿಷಯದಲ್ಲೂ ತೀರ್ಮಾನವಾಯಿತು.

ಸಭೆಗಳಲ್ಲಿ ಕೂಗುವುದನ್ನು ನನಗೆ ಪುಸ್ತಕಗಳು ಕಲಿಸಿದವು, ಸುಮ್ಮನೆ ಕೂತು ಕೇಳುವುದನ್ನು ಕಲಿಸಿದವರು ಅಕ್ಕ. ಈ ಋಣ ಬರೆದು ತೀರುವಂಥದ್ದಲ್ಲ.

ಲಿನಕ್ಸ್ ಹಾಕಿಸಿಕೊಂಡ ಹನ್ನೊಂದೂ ಯಂತ್ರಗಳು ಇಂದು ಓದುಗರ ಕೈಯಲ್ಲಿವೆ. ಅವುಗಳಲ್ಲೊಂದರ ಮುಂದೆ ಆ ತಾಯಿ ವಾರಕ್ಕೆರಡು ಸಲ ಬಂದು ಕೂತು, ಎರಡೇ ಬೆರಳಲ್ಲಿ, ತಮ್ಮ ಹೇಳಿಕೆಯ ಮುಂದಿನ ಭಾಗವನ್ನು ತಾವೇ ಟೈಪು ಮಾಡುತ್ತಿದ್ದಾರೆ. ನಿವೃತ್ತಿಯ ನಂತರವೂ ಬಂದು ಕಲಿಸುವುದಾಗಿ ಅಕ್ಕ ಮಾತು ಕೊಟ್ಟಿದ್ದಾರೆ. ಆ ಬರಹ ಮುಗಿಯುವವರೆಗೆ ನಮ್ಮ ಅಕ್ಕ ಗಟ್ಟಿಮುಟ್ಟಾಗಿ ಬಾಳಲಿ. ಇನ್ನೂ ಹದಿನಾರನೆಯ ಪುಟ ನಡೆಯುತ್ತಿದೆ, ಹೇಳಲು ಬಹಳ ಇದೆಯಂತೆ.